ಮಲ್ಲಿಗೆ ತೋಟದ ನುಸಿಯೂ ಅದರ ಶತ್ರುಗಳೂ
(ಬಾನುಲಿ ಭಾಷಣ)

ಮಲ್ಲಿಗೆ ಬೆಳೆಯುವ ನಮ್ಮ ಕಡೆಯ ಮನೆಗಳಲ್ಲಿ ದಿನದ ಮೊದಲ ಬೆಳಕು ಕಾಣಿಸುವುದು ಅಡಿಗೆಯ ಕೋಣೆಯಲ್ಲಲ್ಲ, ಹಿತ್ತಿಲಿನ ಗಿಡಗಳ ನಡುವೆ. ಸೂರ್ಯ ಮೂಡುವ ಮುನ್ನವೇ ಮೊಗ್ಗು ಕೊಯ್ದಾಗಬೇಕು. ಬಿಸಿಲೇರುವ ಮೊದಲು ಬಾಳೆನಾರಿನಲ್ಲಿ ಕಟ್ಟಿ ಮುಗಿಸಬೇಕು. ಕಟ್ಟಿದ ಮಾಲೆ ಚೆಂಡಾಗುತ್ತದೆ, ನಾಲ್ಕು ಚೆಂಡುಗಳು ಸೇರಿ ಒಂದು ಅಟ್ಟೆಯಾಗುತ್ತದೆ. ಆ ಅಟ್ಟೆ ಶಂಕರಪುರದ ಮಾರುಕಟ್ಟೆಗೆ ಹೋಗಿ, ಅಲ್ಲಿಂದ ಉಡುಪಿ, ಮಂಗಳೂರು, ಮುಂಬಯಿಯವರೆಗೂ ಪಯಣ ಮಾಡುತ್ತದೆ. ದೇವರ ಮುಡಿಗೂ ಅದೇ ಹೂವು, ಭೂತದ ಕೋಲಕ್ಕೂ ಅದೇ, ಮದುಮಗಳ ಜಡೆಗೂ ಅದೇ. ಅಲೆವೂರಿನ ನಮ್ಮ ಮನೆಯ ಹಿಂದೆ ಅಂಥ 32 ಗಿಡಗಳಿವೆ. ಇಬ್ಬರು ಮಕ್ಕಳ ಶಾಲೆಯ ಖರ್ಚನ್ನು ಹೊತ್ತುಕೊಂಡವು ಈ ಗಿಡಗಳು. ಅವುಗಳ ಲೆಕ್ಕಪತ್ರವೆಲ್ಲ ನನ್ನ ಹೆಂಡತಿಯ ಕೈಯಲ್ಲಿದೆ, ನನ್ನ ಕೈಯಲ್ಲಿಲ್ಲ. ಇಷ್ಟನ್ನು ಮೊದಲೇ ಹೇಳಿದರೆ ಮುಂದಿನ ಮಾತು ತಮಗೆ ಸುಲಭವಾಗಿ ತಿಳಿದೀತು.

ನಾನು ಕೀಟಶಾಸ್ತ್ರವನ್ನು ಕಲಿತವನಲ್ಲ. ಮಾಡಿದ ತಪ್ಪೊಂದರ ಕಾರಣವನ್ನು ಹುಡುಕುತ್ತ ಹೋಗಿ ಒಂದಿಷ್ಟನ್ನು ಓದಿದವನು, ಬಲ್ಲವರನ್ನು ಕೇಳಿದವನು. ಆ ತಪ್ಪಿನ ಕಥೆಯಿಂದಲೇ ಆರಂಭಿಸುವುದು ಒಳ್ಳೆಯದು.

ಕೆಲವು ವರ್ಷಗಳ ಹಿಂದೆ, ಪಗ್ಗು ತಿಂಗಳು ಇನ್ನೂ ಹುಟ್ಟಿರಲಿಲ್ಲ. ಮದುವೆಗಳ ಕಾಲ ಎದುರಿಗಿತ್ತು. ಆಗ ನಮ್ಮ ಗಿಡಗಳಿಗೆ ಮೊಗ್ಗು ಕೊರೆಯುವ ಹುಳು ಬಿತ್ತು. ಮೊಗ್ಗು ನೇರಳೆ ಬಣ್ಣಕ್ಕೆ ತಿರುಗಿ, ಒಳಗೆ ತೂತಾಗಿ ಉದುರುತ್ತಿತ್ತು. ನಾನು ಪೇಟೆಯ ಅಂಗಡಿಯೊಂದಕ್ಕೆ ಹೋಗಿ ರೋಗವನ್ನು ವಿವರಿಸಿದೆ. ಅಂಗಡಿಯವರು ಒಂದು ಬಾಟಲಿಯನ್ನು ಕೊಟ್ಟರು. ಅದು ಪೈರೆಥ್ರಾಯ್ಡ್ ಜಾತಿಯ ಕೀಟನಾಶಕ. ಹುಳುಗಳಿಗೆ ಬಲು ಬೇಗ ತಾಗುವಂಥದು. ಮೂರು ವಾರಗಳಲ್ಲಿ ಮೂರು ಬಾರಿ ಸಿಂಪಡಿಸಿದೆ. ಮೊಗ್ಗಿನ ಹುಳು ಕಡಿಮೆಯಾಯಿತು, ಸುಳ್ಳು ಹೇಳಲಾರೆ. ಆದರೆ ನಾಲ್ಕನೆಯ ವಾರದಲ್ಲಿ ಎಲೆಗಳ ಮೇಲೆ ಬೂದಿ ಚೆಲ್ಲಿದಂತೆ ಸಣ್ಣ ಸಣ್ಣ ಬಿಳಿಯ ಚುಕ್ಕೆಗಳು ಮೂಡಿದವು. ಎಲೆ ಮಗುಚಿ ನೋಡಿದರೆ ಕೆಳಗೆ ನವಿರಾದ ಬಲೆ. ಅಂಗಡಿಗೆ ಮತ್ತೆ ಹೋದೆ. ಈ ಸಲ ಅದೇ ಜಾತಿಯ ಇನ್ನಷ್ಟು ಪ್ರಬಲವಾದ ಬಾಟಲಿ ದೊರೆಯಿತು. ಅದನ್ನೂ ಹೊಡೆದೆ. ಎರಡು ವಾರಗಳೊಳಗೆ ತೋಟದ ಅರ್ಧದಷ್ಟು ಗಿಡಗಳು ಕಂಚಿನ ಬಣ್ಣಕ್ಕೆ ತಿರುಗಿ ಎಲೆ ಉದುರಿಸಿದವು. ಅಟ್ಟೆಗೆ ಒಳ್ಳೆಯ ಬೆಲೆ ಬಂದ ಆ ತಿಂಗಳಲ್ಲಿ ನಮ್ಮ ಮನೆಯಿಂದ ಒಂದು ಅಟ್ಟೆ ಹೊರಡುವುದೂ ಕಷ್ಟವಾಯಿತು.

ಇಷ್ಟೇ ಆಗಿದ್ದರೆ ನಷ್ಟ ಹಣದ್ದು ಎಂದು ಸುಮ್ಮನಾಗಬಹುದಿತ್ತು. ಮೊಗ್ಗು ಕಟ್ಟುವಾಗ ಬೆರಳ ತುದಿಯಲ್ಲಿ ಉರಿಯುತ್ತದೆ, ಜೋಮು ಹಿಡಿದಂತಾಗುತ್ತದೆ ಎಂದು ಹೆಂಡತಿ ಹೇಳತೊಡಗಿದಳು. ಬಾವಿಕಟ್ಟೆಯ ಬಳಿ ಇಟ್ಟಿದ್ದ ತುಡುವೆ ಜೇನಿನ ಪೆಟ್ಟಿಗೆಯ ಬಾಗಿಲಲ್ಲಿ ಸತ್ತ ನೊಣಗಳು ದಿನವೂ ಹಿಡಿಯಷ್ಟು ಬೀಳತೊಡಗಿದವು. ಮಲ್ಲಿಗೆಗೆ ಜೇನು ಹೋಗುವುದು ಅಪರೂಪ; ರಾತ್ರಿ ಅರಳುವ ಹೂವನ್ನು ಮೊಗ್ಗಿನಲ್ಲೇ ಕೊಯ್ಯುತ್ತೇವೆ. ಆದರೆ ಗಿಡದ ಬುಡದಲ್ಲಿ ತುಂಬೆ ಹೂ ಬಿಟ್ಟಿರುತ್ತದೆ, ಪಕ್ಕದಲ್ಲಿ ತೆಂಗಿನ ಹಿಂಗಾರವಿರುತ್ತದೆ, ಗಾಳಿಗೆ ಗಡಿ ಗೊತ್ತಿಲ್ಲ. ಆ ಬೇಸಿಗೆಯಲ್ಲಿ ನಮ್ಮ ಮುಳ್ಳುಸೌತೆಯ ಬಳ್ಳಿಯಲ್ಲಿ ಹೂವಿತ್ತು, ಮಿಡಿ ನಿಲ್ಲಲಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳ ದೊಡ್ಡ ಪಾಲನ್ನೇ ನುಂಗಿದ್ದನ್ನು ಕಂಡವರಿಗೆ, ಒಂದು ಪೆಟ್ಟಿಗೆಯ ಜೇನು ಎಂದರೆ ಏನೆಂಬುದು ಗೊತ್ತು. ಆ ಪೆಟ್ಟಿಗೆಯನ್ನು ಕೈಯಾರೆ ಖಾಲಿ ಮಾಡಿದವನು ನಾನು.

ತಪ್ಪಾದದ್ದು ಎಲ್ಲಿ? ಒಂದೇ ವಾಕ್ಯದಲ್ಲಿ ಹೇಳುವುದಾದರೆ, ನುಸಿ ಕೀಟವಲ್ಲ ಎಂಬುದನ್ನು ನಾನು ಅರಿತಿರಲಿಲ್ಲ. ಕೀಟಕ್ಕೆ ಆರು ಕಾಲು, ಮೀಸೆ, ಹೆಚ್ಚಿನವಕ್ಕೆ ರೆಕ್ಕೆ. ನುಸಿಗೆ ರೆಕ್ಕೆಯೂ ಇಲ್ಲ, ಮೀಸೆಯೂ ಇಲ್ಲ. ಬೆಳೆದ ನುಸಿಗೆ ಎಂಟು ಕಾಲು. ಅದು ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ ಪ್ರಾಣಿ. ಹುಳುವನ್ನು ಕೊಲ್ಲಲೆಂದು ತಯಾರಾದ ಅನೇಕ ವಿಷಗಳು ನುಸಿಯನ್ನು ಸರಿಯಾಗಿ ಕೊಲ್ಲುವುದಿಲ್ಲ. ಕೊಲ್ಲುವುದು ಯಾರನ್ನೆಂದರೆ, ಅದೇ ಎಲೆಯ ಮೇಲೆ ಓಡಾಡುತ್ತ ನುಸಿಯನ್ನು ತಿಂದು ಬದುಕುವ ಜೀವಿಗಳನ್ನು. ಎಳ್ಳುಕಾಳಿಗಿಂತ ಚಿಕ್ಕದಾದ, ಹೊಳೆಯುವ ಕರಿಯ ಗುಲಗಂಜಿ ಹುಳುವೊಂದಿದೆ; ಶಾಸ್ತ್ರದಲ್ಲಿ ಅದರ ಕುಲಕ್ಕೆ ಸ್ಟೆಥೋರಸ್ ಎಂದು ಹೆಸರು. ಆ ಕುಲದ ಹುಳುಗಳಿಗೆ ಬಲೆ ನೇಯುವ ನುಸಿಯೇ ಆಹಾರ. ಮರಿಯೂ ಅದನ್ನೇ ತಿನ್ನುತ್ತದೆ. ನಾನು ಸಿಂಪಡಿಸಿದ್ದು ಈ ಕಾವಲುಗಾರರ ಮೇಲೆ. ಕಳ್ಳನಿಗೆ ತಾಗದ ಕಲ್ಲು ನಾಯಿಗೆ ತಾಗಿತು.

ಕಾವಲು ಹೋದ ಮೇಲೆ ನುಸಿಗೆ ಬೇಕಾದದ್ದು ಕೆಲವು ದಿನಗಳು ಮಾತ್ರ. ನಮ್ಮ ಬೇಸಿಗೆಯ ಉಷ್ಣದಲ್ಲಿ ಅದು ಮೊಟ್ಟೆಯಿಂದ ಪ್ರಾಯಕ್ಕೆ ಬರಲು ವಾರ, ಹತ್ತು ದಿನ ಸಾಕು. ಒಂದು ಹೆಣ್ಣು ನೂರರಷ್ಟು ಮೊಟ್ಟೆಗಳನ್ನಿಡಬಲ್ಲದು. ಗಂಡಿನ ಸಂಗವಿಲ್ಲದೆ ಇಟ್ಟ ಮೊಟ್ಟೆಗಳಿಂದ ಗಂಡುಗಳೇ ಹುಟ್ಟುವುದರಿಂದ, ಗಾಳಿಗೆ ತೇಲಿ ಬಂದ ಒಂಟಿ ಹೆಣ್ಣೂ ಹೊಸದೊಂದು ವಂಶಕ್ಕೆ ತಾಯಿಯಾಗಬಲ್ಲದು. ಇಷ್ಟು ಬೇಗ ತಲೆಮಾರುಗಳು ಉರುಳುವುದರಿಂದ ವಿಷಕ್ಕೆ ಒಗ್ಗಿಕೊಳ್ಳುವುದೂ ಬೇಗ. ಗುಲಗಂಜಿ ಹುಳುವಿಗೆ ಆ ವೇಗವಿಲ್ಲ. ಔಷಧಿ ಹೊಡೆದಷ್ಟೂ ಅಂತರ ಹೆಚ್ಚುತ್ತದೆ.

ಇದು ಅಲೆವೂರಿನ ಹಿತ್ತಿಲಿನಲ್ಲಿ ಮಾತ್ರ ನಡೆದ ಕಥೆಯಲ್ಲ ಎಂಬುದು ಆಮೇಲೆ ತಿಳಿಯಿತು. ಎರಡನೆಯ ಮಹಾಯುದ್ಧದ ಬಳಿಕ ಪಶ್ಚಿಮದ ಸೇಬಿನ ತೋಟಗಳಿಗೆ ಡಿ.ಡಿ.ಟಿ. ಬಂದಾಗ ಹಣ್ಣಿನ ಹುಳು ಅಡಗಿತು. ಅಲ್ಲಿಯವರೆಗೆ ಯಾರೂ ಲಕ್ಷ್ಯವಿಡದಿದ್ದ ಕೆಂಪು ನುಸಿ ಹೊಸದೊಂದು ಪಿಡುಗಾಗಿ ಮೆರೆಯಿತು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಎ. ಡಿ. ಪಿಕೆಟ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು, ಯಾವ ಔಷಧಿ ಯಾವ ಉಪಕಾರಿ ಜೀವಿಯನ್ನು ಕೊಲ್ಲುತ್ತದೆ ಎಂಬುದನ್ನು ಮರಮರಕ್ಕೂ ಹೋಗಿ ಗಮನಿಸಿ, ಸಿಂಪಡಣೆಯ ಕ್ರಮವನ್ನೇ ಬದಲಾಯಿಸಿದರು. ಹಾಗೆ ನೋಡಿದರೆ, ನುಸಿಯ ದೊಡ್ಡ ಪೀಡೆ ಎಂಬುದು ಬಹುಮಟ್ಟಿಗೆ ಮನುಷ್ಯನ ಅವಸರದ ಫಲ. ಇದು ನನ್ನ ಅಭಿಪ್ರಾಯ. ಆದರೆ ಬೆಲೆ ತೆತ್ತು ಪಡೆದ ಅಭಿಪ್ರಾಯ.

ನುಸಿಯ ವಿಚಾರದಲ್ಲಿ ಕನ್ನಡಿಗರು ತಿಳಿದಿರಬೇಕಾದ ಹೆಸರೊಂದಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಡಾ. ಜಿ. ಪಿ. ಚನ್ನಬಸವಣ್ಣನವರು 1966ರಲ್ಲಿ ಭಾರತದ ಎರಿಯೋಫಿಡ್ ನುಸಿಗಳ ಬಗೆಗೆ ಒಂದು ಗ್ರಂಥವನ್ನು ಹೊರತಂದರು. ಮಲ್ಲಿಗೆಗೆ ತಗಲುವ ನುಸಿಯೊಂದಕ್ಕೆ ಅವರಿತ್ತ ಹೆಸರೇ ಇಂದಿಗೂ ಶಾಸ್ತ್ರದಲ್ಲಿ ಉಳಿದಿದೆ: ಅಸೇರಿಯ ಜಾಸ್ಮಿನಿ. 1986ರಲ್ಲಿ ನುಸಿಶಾಸ್ತ್ರದ ಅಂತರರಾಷ್ಟ್ರೀಯ ಸಮ್ಮೇಳನವು ಬೆಂಗಳೂರಿನಲ್ಲಿ ನೆರೆಯಿತು. ಇನ್ನೂ ಸೊಗಸಾದ ಸಂಗತಿಯೆಂದರೆ, ತೆಂಗು ಅಡಿಕೆಗಳನ್ನು ಕಾಡುವ ಕೆಂಪು ನುಸಿಯನ್ನು ತಿನ್ನುವ ಪರಭಕ್ಷಕ ನುಸಿಯೊಂದಕ್ಕೆ ಬೇರೆ ವಿಜ್ಞಾನಿಗಳು ಚನ್ನಬಸವಣ್ಣನವರ ಹೆಸರನ್ನಿಟ್ಟಿದ್ದಾರೆ. ಶತ್ರುವಿಗೆ ಅವರು ಹೆಸರಿಟ್ಟರು. ಮಿತ್ರನಿಗೆ ಅವರ ಹೆಸರಾಯಿತು.

ನುಸಿಯನ್ನು ತಿನ್ನುವ ನುಸಿ ಎಂದೆನಲ್ಲವೆ? ನಮ್ಮ ಎಲೆಗಳ ಮೇಲೆ ಅಂಥವು ಇವೆ ಎಂಬುದನ್ನು ನಾನು ಕಣ್ಣಾರೆ ಕಂಡದ್ದು ಹತ್ತುಪಟ್ಟು ದೊಡ್ಡದಾಗಿ ತೋರಿಸುವ ಮಸೂರವೊಂದನ್ನು ಕೊಂಡ ಮೇಲೆ. ಗೆಲ್ಲಿನ ಕೆಳಗೆ ಬಿಳಿಯ ಕಾಗದವನ್ನು ಹಿಡಿದು ಬೆರಳಿನಿಂದ ಎರಡು ಪೆಟ್ಟು ಕೊಡಬೇಕು. ಕಾಗದದ ಮೇಲೆ ಧೂಳಿನಂಥ ಚುಕ್ಕೆಗಳು ಬೀಳುತ್ತವೆ. ಕ್ಷಣ ಕಳೆದರೆ ಅವು ಚಲಿಸತೊಡಗುತ್ತವೆ. ಮೆಲ್ಲನೆ ತೆವಳುವವು ಸಾಮಾನ್ಯವಾಗಿ ಗಿಡದ ರಸ ಹೀರುವವು. ದಾರಿ ತಪ್ಪಿದವರಂತೆ ಅತ್ತಿತ್ತ ಸರಸರನೆ ಓಡುವ, ಹನಿಯಾಕಾರದ, ನುಣುಪು ಮೈಯವು ಬೇಟೆಗಾರರು. ಎರಡೂ ಎಂಟು ಕಾಲಿನವೇ. ಒಂದನ್ನು ಕೊಂದು ಇನ್ನೊಂದನ್ನು ಉಳಿಸುವುದು ಬಾಟಲಿಯ ಕೆಲಸವಲ್ಲ, ಕಣ್ಣಿನ ಕೆಲಸ. ಬರಿಗಣ್ಣಿಗೆ ಕಾಣದ ಈ ಲೋಕವನ್ನು ಹಿತ್ತಿಲಿನಲ್ಲಿ ಇಟ್ಟುಕೊಂಡೇ ನಾವು ಇಷ್ಟು ಕಾಲ ಬದುಕಿದ್ದೆವಲ್ಲ ಎಂದು ಆ ದಿನ ನಾಚಿಕೆಯೇ ಆಯಿತು.

ಇನ್ನು ಉಪಾಯಗಳ ಮಾತು. ಮಲ್ಲಿಗೆಯಲ್ಲಿ ಮುಖ್ಯವಾಗಿ ಎರಡು ಬಗೆಯ ನುಸಿಗಳುಂಟು. ಎರಡಕ್ಕೂ ಒಂದೇ ಮದ್ದು ಎಂದು ತಿಳಿಯಬಾರದು. ಮೊದಲನೆಯದು ಬಲೆ ನೇಯುವ ನುಸಿ. ಅದಕ್ಕೆ ಬಿಸಿಲು ಬೇಕು, ಒಣ ಹವೆ ಬೇಕು, ಧೂಳು ಬೇಕು. ನಮ್ಮದು ಮುರಕಲ್ಲಿನ ಸೀಮೆ. ರಸ್ತೆಯ ಬದಿಯ ಗಿಡಗಳ ಮೇಲೆ ಲಾರಿ ಹೋದಾಗಲೆಲ್ಲ ಕೆಂಪು ಧೂಳು ಕೂರುತ್ತದೆ. ನಮ್ಮಲ್ಲಿ ಪ್ರತಿ ವರ್ಷ ಮೊದಲು ನುಸಿ ಹಿಡಿಯುವುದು ಆ ಸಾಲಿಗೇ. ಇದಕ್ಕೆ ಮೊದಲ ಮದ್ದು ನೀರು. ಕೊಯ್ಲು ಮುಗಿದ ಮೇಲೆ, ಬೆಳಿಗ್ಗೆಯೇ, ಎಲೆಯ ಅಡಿಭಾಗಕ್ಕೆ ತಾಗುವಂತೆ ಪಂಪಿನ ಕೊಳವೆಯಿಂದ ನೀರನ್ನು ರಭಸವಾಗಿ ಹಾಯಿಸಬೇಕು. ಬಲೆ ಹರಿಯುತ್ತದೆ, ಧೂಳು ತೊಳೆದುಹೋಗುತ್ತದೆ, ನುಸಿಗಳಲ್ಲಿ ಬಹುಪಾಲು ನೆಲಕ್ಕೆ ಬೀಳುತ್ತವೆ. ಸಂಜೆಯೊಳಗೆ ಎಲೆ ಒಣಗಬೇಕು, ಇಲ್ಲವಾದರೆ ಬೂಷ್ಟು ರೋಗಕ್ಕೆ ದಾರಿಯಾದೀತು. ಎರಡು ಮೂರು ದಿನಗಳ ಅಂತರದಲ್ಲಿ ಇದನ್ನು ಮೂರು ನಾಲ್ಕು ಬಾರಿ ಮಾಡಬೇಕು. ಇಷ್ಟು ಸಾಮಾನ್ಯವಾದ ಉಪಾಯವನ್ನು ಬಾನುಲಿಯಲ್ಲಿ ಹೇಳಬೇಕೇ ಎಂದು ಯಾರಾದರೂ ಕೇಳಬಹುದು. ಹೇಳಬೇಕು. ನೀರನ್ನು ಯಾರೂ ಮಾರುವುದಿಲ್ಲವಾದ್ದರಿಂದ ಅದರ ಗುಣವನ್ನು ಹೇಳಲು ಅಂಗಡಿಯಲ್ಲಿ ಯಾರೂ ಇರುವುದಿಲ್ಲ.

ನೀರಿಗೆ ಬಗ್ಗದಿದ್ದರೆ ಬೇವಿನ ಎಣ್ಣೆ. ಲೀಟರು ನೀರಿಗೆ 5 ಮಿಲಿಲೀಟರ್ ಎಣ್ಣೆ, ಅದು ನೀರಿನೊಡನೆ ಬೆರೆಯಲು ತುಸು ಸಾಬೂನು. ನೇರವಾಗಿ ಮೈಮೇಲೆ ಬಿದ್ದರೆ ಇದು ಉಪಕಾರಿ ಜೀವಿಗಳಿಗೂ ಕಷ್ಟವೇ. ಆದರೆ ಎಲೆಯ ಮೇಲೆ ಬಹುಕಾಲ ವಿಷವಾಗಿ ನಿಲ್ಲುವುದಿಲ್ಲ, ಅಡಗಿ ಉಳಿದವು ಮತ್ತೆ ಕೆಲಸಕ್ಕೆ ಬರಬಲ್ಲವು. ಇಡೀ ತೋಟಕ್ಕೆ ಹೊಡೆಯುವ ಅಗತ್ಯವಿಲ್ಲ. ನುಸಿ ಹಿಡಿದ ಗಿಡಗಳಿಗಷ್ಟೇ ಹೊಡೆದು ಉಳಿದವನ್ನು ಬಿಟ್ಟರೆ, ಬಿಟ್ಟ ಗಿಡಗಳಿಂದ ಗುಲಗಂಜಿ ಹುಳುಗಳು ಮರಳಿ ಬರುತ್ತವೆ.

ಎರಡನೆಯದು ಚನ್ನಬಸವಣ್ಣನವರು ಹೆಸರಿಟ್ಟ ನುಸಿ. ಇದು ಇನ್ನೂ ಚಿಕ್ಕದು. ಹುಳದಂತೆ ಉದ್ದನೆಯ ಮೈ, ಎಂಟರ ಬದಲು ನಾಲ್ಕೇ ಕಾಲು. ಎಲೆ, ಎಳೆಯ ಕಾಂಡ, ಮೊಗ್ಗುಗಳ ಮೇಲೆ ಬಿಳಿಯ ಉಣ್ಣೆಯ ಬಟ್ಟೆಯಂತೆ ತುಪ್ಪಳ ಮೂಡಿದ್ದನ್ನು ತಾವು ಕಂಡಿರಬಹುದು. ಅನೇಕರು ಅದನ್ನು ಬೂಷ್ಟು ಎಂದೇ ತಿಳಿಯುತ್ತಾರೆ. ಅದು ಬೂಷ್ಟಲ್ಲ, ನುಸಿಯ ಚುಚ್ಚುವಿಕೆಗೆ ಗಿಡವೇ ಬೆಳೆಸಿದ ರೋಮ. ಆ ರೋಮದ ಅಡಿಯಲ್ಲಿ ನುಸಿ ಬೆಚ್ಚಗೆ ಕೂತಿರುತ್ತದೆ. ನೀರಿಗೆ ಅದು ಜಗ್ಗುವುದಿಲ್ಲ. ಅಂಥ ಗೆಲ್ಲುಗಳನ್ನು ಕತ್ತರಿಸಿ ಸುಡುವುದೇ ಮೊದಲ ಕೆಲಸ. ಬಳಿಕ ನೀರಿನಲ್ಲಿ ಕರಗುವ ಗಂಧಕವನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ ಸಿಂಪಡಿಸಬಹುದು. ಗಿಡ ಸವರಿದ ಮೇಲೆ, ಮೊಗ್ಗಿಲ್ಲದ ದಿನಗಳಲ್ಲಿ ಈ ಕೆಲಸ ಮುಗಿದರೆ ಹೂವಿಗೆ ಗಂಧಕ ಅಂಟುವ ಚಿಂತೆಯಿಲ್ಲ.

ಗಂಧಕ ಹಳೆಯ ಮದ್ದು, ಜೇನಿಗೆ ಅಷ್ಟಾಗಿ ಅಪಾಯಕಾರಿಯಲ್ಲ. ಹಾಗೆಂದು ಪೂರ್ತಿ ನಿರಪರಾಧಿಯೂ ಅಲ್ಲ. ಬೇಟೆಗಾರ ನುಸಿಗಳಲ್ಲಿ ಕೆಲವಕ್ಕೆ ಅದು ಮಾರಕ. ಉರಿಬಿಸಿಲಿನಲ್ಲಿ ಹೊಡೆದರೆ ಎಲೆ ಸುಡುತ್ತದೆ. ಎಣ್ಣೆ ಹೊಡೆದ ಗಿಡಕ್ಕೆ ಎರಡು ಮೂರು ವಾರಗಳೊಳಗೆ ಗಂಧಕವನ್ನು ತಾಗಿಸಲೇಬಾರದು; ಎರಡೂ ಸೇರಿದರೆ ಗಿಡಕ್ಕೇ ವಿಷ. ನೆರೆಮನೆಯವರೊಬ್ಬರು ಒಂದೇ ವಾರದಲ್ಲಿ ಎರಡನ್ನೂ ಹೊಡೆದು ಹನ್ನೊಂದು ಗಿಡಗಳ ಚಿಗುರನ್ನು ಕಳೆದುಕೊಂಡರು. ಸಾವಯವ ಎಂಬ ಶಬ್ದವನ್ನು ಹಚ್ಚಿದ ಮಾತ್ರಕ್ಕೆ ವಸ್ತು ಸೌಮ್ಯವಾಗುವುದಿಲ್ಲ.

ಮಲ್ಲಿಗೆಯಿಂದ ತುಸು ತಲೆಯೆತ್ತಿ ತೆಂಗನ್ನು ನೋಡೋಣ. ಮೆಕ್ಸಿಕೋದ ಗೆರೇರೋ ಪ್ರಾಂತ್ಯದಿಂದ 1965ರಲ್ಲಿ ಮೊದಲು ವರ್ಣಿತವಾದ ತೆಂಗಿನ ನುಸಿ 1998ರ ಸುಮಾರಿಗೆ ಕೇರಳದಲ್ಲಿ ಕಾಣಿಸಿಕೊಂಡು, ಬೇಗನೆ ಕರ್ನಾಟಕಕ್ಕೂ ಹಬ್ಬಿತು. ಎಳೆಯ ಕಾಯಿಯ ತೊಟ್ಟಿನ ತೊಪ್ಪಿಯ ಕೆಳಗೆ ಅದರ ವಾಸ. ತೊಪ್ಪಿಯ ಅಂಚಿನಿಂದ ಹಳದಿಯ ತ್ರಿಕೋನವೊಂದು ಇಳಿದು, ಕಂದಾಗಿ, ಸಿಪ್ಪೆ ಒಡೆದು ಕಾಯಿ ಕುಗ್ಗುತ್ತದೆ. ಆ ವರ್ಷಗಳ ಗಾಬರಿಯನ್ನು ಮರೆಯುವಂತಿಲ್ಲ. ಬೇರಿಗೆ ಮೊನೊಕ್ರೊಟೊಫಾಸ್ ವಿಷದ ಚೀಲ ಕಟ್ಟಿದವರುಂಟು, ಮರವೇರಿ ಡೈಕೋಫಾಲ್ ಸಿಂಪಡಿಸಿದವರುಂಟು. ಆ ಡೈಕೋಫಾಲ್ ಡಿ.ಡಿ.ಟಿ.ಯಿಂದಲೇ ತಯಾರಾಗುತ್ತಿದ್ದ ವಸ್ತು. ಭಾರತ ಸರಕಾರ 2023ರಲ್ಲಿ ಅದನ್ನು ನಿಷೇಧಿಸಿತು. ಬೇವಿನೆಣ್ಣೆ, ಬೆಳ್ಳುಳ್ಳಿ, ಸಾಬೂನುಗಳ ಮಿಶ್ರಣವನ್ನು ವಿಜ್ಞಾನಿಗಳು ಸೂಚಿಸಿದ್ದೂ ಆ ಕಾಲದಲ್ಲೇ. ನುಸಿಗೆ ರೋಗ ತರುವ ಹಿರ್ಸುಟೆಲ್ಲ ಎಂಬ ಶಿಲೀಂಧ್ರದಿಂದ ಬೆಂಗಳೂರಿನ ಜೈವಿಕ ನಿಯಂತ್ರಣ ಸಂಸ್ಥೆಯಲ್ಲಿ ಔಷಧಿಯೊಂದನ್ನು ಸಿದ್ಧಪಡಿಸಿದರು. ತೊಪ್ಪಿಯ ಅಡಿಯಲ್ಲಿಯೇ ಬೇಟೆಗಾರ ನುಸಿಗಳು ಇರುವುದನ್ನೂ ಕಂಡುಕೊಂಡರು. ನಮ್ಮ ಮನೆಯ ಹದಿನಾಲ್ಕು ಮರಗಳಿಗೆ, ಹಣದ ಮುಗ್ಗಟ್ಟಿನಿಂದ, ನಾವು ಏನನ್ನೂ ಮಾಡಲಿಲ್ಲ. ಗೊಬ್ಬರವಿಟ್ಟೆವು, ಬೇಸಿಗೆಯಲ್ಲಿ ನೀರೆರೆದೆವು. ಮೂರು ನಾಲ್ಕು ವರ್ಷ ಕಾಯಿ ಸಣ್ಣದಾಯಿತು. ನುಸಿ ಇಂದಿಗೂ ಹೋಗಿಲ್ಲ; ಆದರೆ ಕಾಯಿ ಸುಧಾರಿಸಿದೆ. ಬಡತನವು ಅಂದು ಕಲಿಸಿದ ಪಾಠವನ್ನು ಮಲ್ಲಿಗೆಯ ವಿಷಯದಲ್ಲಿ ನಾನೇ ಮರೆತೆನಲ್ಲ ಎಂಬುದು ನನ್ನ ಸೋಜಿಗ.

ಏನೂ ಮಾಡದಿರುವುದೇ ಉಪಾಯ ಎಂದು ಉಪದೇಶಿಸಲು ನಾನು ಬಂದಿಲ್ಲ. ಕೂಲಿಯಿಲ್ಲದೆ, ಬೇರೆ ಆದಾಯವಿಲ್ಲದೆ, ಹತ್ತಿಪ್ಪತ್ತು ಗಿಡಗಳ ಹೂವಿನಿಂದಲೇ ದಿನಸಿ ತರುವ ಮನೆಗಳಿವೆ. ಅವರಿಗೆ ಮೂರು ವರ್ಷ ಕಾಯಿರಿ ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಕಳೆದ ಒಂದು ಕಡುಬೇಸಿಗೆಯಲ್ಲಿ ನಾನೂ ಮೂರು ಗಿಡಗಳಿಗೆ ನುಸಿನಾಶಕವನ್ನು ಹೊಡೆದಿದ್ದೇನೆ. ಆದರೆ ಅಂಗಡಿಗೆ ಹೋಗುವ ಮೊದಲು ನುಸಿ ಹಿಡಿದ ಎಲೆಗಳನ್ನು ಚೀಲದಲ್ಲಿ ಹಾಕಿಕೊಂಡು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೋದೆ. ನುಸಿಗೆಂದೇ ತಯಾರಾದ, ಹುಳುಗಳನ್ನು ಬಹುಮಟ್ಟಿಗೆ ಬಾಧಿಸದ ಔಷಧಿಗಳು ಈಗ ಇವೆ. ಒಂದನ್ನೇ ಮತ್ತೆ ಮತ್ತೆ ಬಳಸಿದರೆ ನುಸಿ ಅದಕ್ಕೂ ಒಗ್ಗುತ್ತದೆ. ಹೊಡೆಯುವುದಾದರೆ ಸಂಜೆ, ಜೇನು ಗೂಡು ಸೇರಿದ ಮೇಲೆ. ಗಿಡದ ಬುಡದಲ್ಲಿ ಹೂಬಿಟ್ಟ ಕಳೆಯನ್ನು ಮೊದಲೇ ಕೊಯ್ದು. ಹೊಡೆದ ಗಿಡದ ಮೊಗ್ಗನ್ನು ಚೀಟಿಯಲ್ಲಿ ಬರೆದಷ್ಟು ದಿನ ಮಾರುವಂತಿಲ್ಲ. ಈ ಕೊನೆಯ ನಿಯಮ ಎಲ್ಲಕ್ಕಿಂತ ಕಷ್ಟದ್ದು. ಅಟ್ಟೆಯ ಬೆಲೆ ಏರಿದ ದಿನ ಮೊಗ್ಗನ್ನು ಕೊಯ್ದು ಗುಂಡಿಗೆ ಸುರಿಯಲು ಯಾರ ಕೈ ಏಳುತ್ತದೆ? ಹಾಗೆ ಸುರಿದ ಮೂರು ದಿನ ನನ್ನ ಹೆಂಡತಿ ನನ್ನೊಡನೆ ಹೆಚ್ಚು ಮಾತಾಡಲಿಲ್ಲ. ಆದರೆ ಸುರಿದವಳು ಅವಳೇ. ಆ ಹೂವನ್ನು ಯಾರದೋ ಮನೆಯ ಮಗು ಮುಡಿಯುತ್ತದಲ್ಲ ಎಂದಷ್ಟೇ ಅಂದಳು.

ಮೊಗ್ಗಿನ ಹುಳುವಿನ ಕಥೆ ಏನಾಯಿತೆಂದು ಕೇಳುವವರಿದ್ದಾರೆ. ಅದು ಈಗಲೂ ಬರುತ್ತದೆ. ಬಣ್ಣಗೆಟ್ಟ ಮೊಗ್ಗುಗಳನ್ನು ನೆಲಕ್ಕೆ ಬಿಸಾಡದೆ ಪ್ರತ್ಯೇಕವಾಗಿ ಆಯ್ದು ಸುಡುತ್ತೇವೆ. ಗಿಡದ ಬುಡವನ್ನು ಕೆದಕಿ ಬಿಸಿಲಿಗೆ ಒಡ್ಡುತ್ತೇವೆ. ಒಂದಿಷ್ಟು ಹೂವು ಹುಳುವಿನ ಪಾಲಾಗುತ್ತದೆ. ನುಸಿಯ ಪಾಲಾಗುತ್ತಿದ್ದುದಕ್ಕಿಂತ ಅದು ಕಡಿಮೆ ಎಂದು ಲೆಕ್ಕಪುಸ್ತಕ ಹೇಳುತ್ತದೆ. ಆ ಪುಸ್ತಕ ನನ್ನ ಬರವಣಿಗೆಯದಲ್ಲ, ಆದ್ದರಿಂದ ನಂಬತಕ್ಕದ್ದು.

ಮಸೂರವೂ ಈಗ ಅವಳ ವಶದಲ್ಲಿದೆ. ಬಾವಿಕಟ್ಟೆಯ ಬಳಿಯ ಏಳನೆಯ ಗಿಡದ ಎಲೆಗಳು ಈ ವಾರ ಮತ್ತೆ ಬೂದುಬಣ್ಣಕ್ಕೆ ತಿರುಗಿವೆ. ನಿನ್ನೆ ಕಾಗದ ಹಿಡಿದು ಗೆಲ್ಲನ್ನು ತಟ್ಟಿ ನೋಡಿದೆವು. ತೆವಳುವವು ಬಹಳ, ಓಡುವವು ನಾಲ್ಕೈದು, ಎಲೆಯೊಂದರ ಅಡಿಯಲ್ಲಿ ಕರಿಯ ಗುಲಗಂಜಿಯ ಮರಿ ಒಂದು. ನಾಳೆ ಬೆಳಿಗ್ಗೆ ಕೊಯ್ಲು ಮುಗಿದ ಮೇಲೆ ನೀರು ಹೊಡೆಯುವುದೆಂದು ತೀರ್ಮಾನವಾಗಿದೆ. ಆ ಮರಿಯಿರುವ ಗೆಲ್ಲನ್ನು ಮಾತ್ರ ಬಿಟ್ಟು.